ಸಿಸ್ಟರ್ ಬಾಯಿ ಹತ್ತದೆ ಬಿಟ್ಟ ಕಣಿವೆ

ಹೋದ ತಿಂಗಳು ರಜೆಗೆ ಬಂದ ಮಗಳು ಸೂಟ್‌ಕೇಸಿನ ಮೂಲೆಯಿಂದ ಒಂದು ಪ್ಲಾಸ್ಟಿಕ್ ಪೊಟ್ಟಣ ತೆಗೆದು ಅಡುಗೆಮನೆಯಲ್ಲಿ ಇಟ್ಟಳು. ಕಪ್ಪಗೆ, ಹಗುರಾಗಿ, ಅಲ್ಲಾಡಿಸಿದರೆ ಕಟಕಟ ಸದ್ದು ಮಾಡುವ ಒಣ ಲಿಂಬೆಗಳು. ಒಮಾನಿನವರು ಅದಕ್ಕೆ ಲೂಮಿ ಎನ್ನುತ್ತಾರೆ. ಒಂದನ್ನು ಒಡೆದು ಕುದಿಯುವ ನೀರಿಗೆ ಹಾಕಿದೆ. ಹುಳಿ, ಸ್ವಲ್ಪ ಹೊಗೆ, ಸ್ವಲ್ಪ ಹಳೆಯ ಮರದ ಪೆಟ್ಟಿಗೆಯ ವಾಸನೆ... ಆ ಆವಿ ಮುಖಕ್ಕೆ ಬಡಿದದ್ದೇ ತಡ, ನಾನು ಉಡುಪಿಯಲ್ಲಿ ಇರಲಿಲ್ಲ. ಹುಲ್ಲು ಕಡ್ಡಿಯೂ ಇಲ್ಲದ ಕಂದು ಬೆಟ್ಟವೊಂದರ ಅರ್ಧದಲ್ಲಿ, ನೆರಳಿನಲ್ಲಿ ಬಂಡೆಗೆ ಬೆನ್ನು ಕೊಟ್ಟು ಕೂತಿದ್ದೆ. ಎದುರಿಗೆ ಸಿಸ್ಟರ್ ಬಾಯಿ ಥರ್ಮಾಸಿನ ಮುಚ್ಚಳಕ್ಕೆ ಲಿಂಬೆ ಚಾ ಬಗ್ಗಿಸುತ್ತಿದ್ದರು.

ಅವರಿಗೆ ಹೆಸರಿತ್ತು, ಚೆಂದದ ಹೆಸರೇ. ಆದರೆ ನಮ್ಮ ಕಟ್ಟಡದಲ್ಲಿ ಯಾರೂ ಅದನ್ನು ಕರೆದದ್ದು ನೆನಪಿಲ್ಲ. ಆಸ್ಪತ್ರೆಯವರಾದ್ದರಿಂದ ಸಿಸ್ಟರ್. ಕೊಂಕಣಿಯಲ್ಲಿ ಅಕ್ಕನಂಥವರಿಗೆ ಬಾಯಿ. ಎರಡೂ ಸೇರಿ ಸಿಸ್ಟರ್ ಬಾಯಿ. ಎಂಬತ್ತರ ದಶಕದ ಕೊನೆಯಲ್ಲಿ ನಾನು ಮದುವೆಯಾಗಿ ಮಸ್ಕತ್‌ಗೆ ಹೋದಾಗ ಅಲ್ ಅಜೈಬಾದ ಒಂದು ಹಳೆಯ ವಿಲ್ಲಾದ ಮಹಡಿಯಲ್ಲಿ ನಮ್ಮ ಸಂಸಾರ; ಕೆಳಗಿನ ಹಿಂಭಾಗದ ಎರಡು ಕೋಣೆಗಳಲ್ಲಿ ಅವರು ಒಬ್ಬರೇ. ಆಗಲೇ ನಲವತ್ತೈದು ದಾಟಿದ್ದಿರಬೇಕು. ಮದುವೆಯಾಗಿರಲಿಲ್ಲ. ಬೌಷರ್ ಕಡೆಯ ಒಂದು ಆರೋಗ್ಯ ಕೇಂದ್ರದಲ್ಲಿ ಹೆರಿಗೆ ವಿಭಾಗದ ನರ್ಸ್. ಉಡುಪಿಯ ಹತ್ತಿರದವರೇ ಆದ್ದರಿಂದ ನಮ್ಮ ಮಾತು ತುಳುವಿನಲ್ಲಿ ಶುರುವಾಗಿ ಕನ್ನಡಕ್ಕೆ ಹಾರಿ, ಕೋಪ ಬಂದರೆ ಅವರ ಕೊಂಕಣಿಯಲ್ಲಿ ಮುಗಿಯುತ್ತಿತ್ತು.

ಮೊದಲ ಎರಡು ವರ್ಷ ಅವರೊಡನೆ ನನ್ನದು ಮೆಟ್ಟಿಲ ಬುಡದ ನಗು ಮಾತ್ರ. ಆಮೇಲೆ ನನ್ನ ಮೊದಲ ಬಸಿರು ನಾಲ್ಕನೆಯ ತಿಂಗಳಿಗೆ ನಿಂತುಹೋಯಿತು. ಗಂಡ ಆಫೀಸಿಗೆ ಹೋದ ಮೇಲೆ ಏಸಿಯ ಸದ್ದು ಕೇಳುತ್ತ ಗೋಡೆ ನೋಡುತ್ತ ಕೂರುವುದೇ ನನ್ನ ಕೆಲಸವಾಯಿತು. ಬಂದವರೆಲ್ಲ ಸಮಾಧಾನ ಹೇಳಿದರು. ಸಿಸ್ಟರ್ ಬಾಯಿ ಒಂದು ಗುರುವಾರ ಸಂಜೆ ಬಂದು ಹತ್ತು ನಿಮಿಷ ಏನೂ ಮಾತನಾಡದೆ ಕೂತರು. ಎದ್ದು ಹೋಗುವಾಗ ಬಾಗಿಲಲ್ಲಿ ನಿಂತು ಹೇಳಿದರು:

"ನಾಳೆ ಶುಕ್ರವಾರ. ಬೆಳಿಗ್ಗೆ ಐದೂವರೆಗೆ ಕೆಳಗೆ ಬನ್ನಿ. ಈ ಹವಾಯಿ ಚಪ್ಪಲಿ ಬೇಡ, ಗಟ್ಟಿದು ಎಂತಾದ್ರೂ ಹಾಕಿ."

"ಎಲ್ಲಿಗೆ?"

"ನಡೀಲಿಕ್ಕೆ. ಎಲ್ಲಿಗೆ ಅಂತ ದಾರಿ ಹೇಳ್ತದೆ."

ಹಾಗೆ ಶುರುವಾಯಿತು. ಮೊದಲು ಹತ್ತಿರದ ಖರ್ಜೂರದ ತೋಟಗಳ ನಡುವೆ, ಫಲಜ್ ಎಂದು ಕರೆಯುವ ಹಳೆಯ ನೀರಿನ ಕಾಲುವೆಯ ಅಂಚಿನಲ್ಲಿ. ಆಮೇಲೆ ಬೆಟ್ಟಗಳಿಗೆ. ಕೆಲವೊಮ್ಮೆ ನನ್ನ ಗಂಡ ಕಾರಿನಲ್ಲಿ ಬಿಟ್ಟು ಬರುತ್ತಿದ್ದರು, ಕೆಲವೊಮ್ಮೆ ಅವರ ಆಸ್ಪತ್ರೆಯ ಯಾರದೋ ಪಿಕಪ್. ಮಗಳು ಹುಟ್ಟಿದ ವರ್ಷವೊಂದನ್ನು ಬಿಟ್ಟರೆ ಆರೇಳು ವರ್ಷ ನಮ್ಮ ತಂಪುಕಾಲದ ಶುಕ್ರವಾರಗಳೆಲ್ಲ ಹೀಗೆಯೇ ಕಳೆದವು.

ಮಸ್ಕತ್‌ನ ಹೆದ್ದಾರಿಯಿಂದ ನೋಡಿದರೆ ಆ ಬೆಟ್ಟಗಳು ಯಾರೋ ಸುಟ್ಟು ಬಿಸಾಡಿದ ಇಟ್ಟಿಗೆಯ ರಾಶಿಯಂತೆ ಕಾಣುತ್ತಿದ್ದವು. ಅದರೊಳಗೆ ದಾರಿಗಳಿವೆ ಎಂದು ನನಗೆ ತೋರಿಸಿಕೊಟ್ಟವರು ಅವರು. ರಸ್ತೆ ಬರುವ ಮೊದಲು ನೂರಾರು ವರ್ಷ ಕತ್ತೆಗಳೂ ಮನುಷ್ಯರೂ ನಡೆದ ದಾರಿಗಳು. ಅಂಥ ದಾರಿಯ ಕಲ್ಲಿಗೆ ಬೇರೆಯೇ ಹೊಳಪು; ಬಗ್ಗಿ ಅಂಗೈ ಇಟ್ಟು ನೋಡಿದರೆ ನುಣುಪು. ಕವಲಿನಲ್ಲಿ ಮೂರು ಕಲ್ಲುಗಳನ್ನು ಒಂದರ ಮೇಲೊಂದು ಇಟ್ಟಿರುತ್ತಾರೆ. ನೀರು ನಿಲ್ಲುವ ಕುಳಿಯ ಬಳಿ ಸಣ್ಣ ಕಲ್ಲುಗಳ ಸಾಲೊಂದು ಪಶ್ಚಿಮಕ್ಕೆ ಮುಖ ಮಾಡಿದ್ದರೆ ಅದು ದಾರಿಹೋಕರ ನಮಾಜಿನ ಜಾಗ, ಅದರೊಳಗೆ ಕಾಲಿಡಬಾರದು. ಒಂದು ಕಡೆ ಬಂಡೆಯ ಮೇಲೆ ಕುದುರೆ ಸವಾರರ ಗೀರುಚಿತ್ರ, ಇನ್ನೊಂದು ಕಡೆ ಕಡಿದಾದ ಗೋಡೆಗೆ ಕಲ್ಲು ಕಟ್ಟಿ ಏರಿಸಿದ ಮೆಟ್ಟಿಲು. ನಾನು ಒಮ್ಮೆ ನೇರ ಮೇಲೆ ಹೋಗುವ ಸೀಳೊಂದನ್ನು ಹತ್ತಲು ಹೊರಟಾಗ ಅವರು ಸೆರಗಿಗೆ ಕೈ ಹಾಕಿ ಎಳೆದಿದ್ದರು.

"ಅದು ದಾರಿ ಅಲ್ಲ ಮಾರಾಯ್ತಿ, ಆಡು ಹೋದ ಜಾಗ. ದಾರಿ ಯಾವಾಗ್ಲೂ ಸುತ್ತಿಕೊಂಡೇ ಹೋಗುದು. ಹೊರೆ ಹೊತ್ತವರು ಮಾಡಿದ್ದಲ್ವಾ!"

ಅವರಿಗೆ ಇದೆಲ್ಲ ಪುಸ್ತಕದಿಂದ ಬಂದದ್ದಲ್ಲ. ಎಂಬತ್ತರ ದಶಕದ ಆರಂಭದಲ್ಲಿ ಒಮಾನಿಗೆ ಬಂದ ಹೊಸತರಲ್ಲಿ ಅವರಿಗೆ ಪೋಸ್ಟಿಂಗ್ ಸಿಕ್ಕಿದ್ದು ನಿಜ್ವಾದ ಕಡೆಯ ಒಂದು ಕಣಿವೆಯ ಬಾಯಿಯಲ್ಲಿದ್ದ ಸಣ್ಣ ಕ್ಲಿನಿಕ್ಕಿನಲ್ಲಿ. ಕಣಿವೆಯ ತಲೆಯಲ್ಲಿ ಇನ್ನೊಂದು ಹಳ್ಳಿ. ಅಲ್ಲಿಗೆ ರಸ್ತೆ ಇರಲಿಲ್ಲ. ಹದಿನೈದು ದಿನಕ್ಕೊಮ್ಮೆ ಕತ್ತೆಯ ಮೇಲೆ ಔಷಧದ ಪೆಟ್ಟಿಗೆ ಹೇರಿಕೊಂಡು ಐದು ಗಂಟೆ ಹತ್ತಿ ಹೋಗುತ್ತಿದ್ದರಂತೆ. ಇಷ್ಟನ್ನು ಆಗಾಗ ಹೇಳುತ್ತಿದ್ದರು, ನಗುನಗುತ್ತಲೇ. ಆದರೆ ಒಂದು ವಿಚಿತ್ರವಿತ್ತು. ಆ ಸುತ್ತಿನ ಎಲ್ಲ ಕಣಿವೆಗಳಲ್ಲೂ ನನ್ನನ್ನು ನಡೆಸಿದ ಅವರು ಆ ಒಂದು ಕಣಿವೆಗೆ ಮಾತ್ರ ಕರೆದೊಯ್ಯಲಿಲ್ಲ. ಹೆದ್ದಾರಿಯಲ್ಲಿ ಅದರ ತಿರುವು ಬಂದಾಗಲೆಲ್ಲ ಆಚೆ ಬದಿಯ ಕಿಟಕಿಗೆ ಮುಖ ತಿರುಗಿಸುತ್ತಿದ್ದರು. "ಇವತ್ತು ಅಲ್ಲಿಗೆ ಹೋಗುವ?" ಎಂದು ಎರಡು ಮೂರು ಸಲ ಕೇಳಿದ್ದೆ. "ಅಲ್ಲಿ ಬೇಡ" ಎಂದಷ್ಟೇ ಉತ್ತರ.

ತೊಂಬತ್ತರ ದಶಕದ ಮಧ್ಯದಲ್ಲಿ ಅವರ ಕೆಲಸದ ಕರಾರು ಮುಗಿಯಿತು. ನರ್ಸುಗಳಾಗಿ ಒಮಾನಿ ಹುಡುಗಿಯರೇ ತಯಾರಾಗುತ್ತಿದ್ದ ಕಾಲ ಅದು. ಅವರಲ್ಲಿ ಹಲವರಿಗೆ ಕೈ ಹಿಡಿದು ಕಲಿಸಿದ್ದೂ ಇವರೇ. ಬೇಸರವೇನೂ ಇರಲಿಲ್ಲ. "ಖಲಾಸ್, ಇನ್ನು ಊರಿಗೆ" ಎಂದು ಎಲ್ಲರಿಗೂ ಹೇಳಿಕೊಂಡು ಬಂದರು. ಒಂದು ಮಧ್ಯಾಹ್ನ ನಾನು ಅವರ ಕೋಣೆಯಲ್ಲಿ ಪಿಂಗಾಣಿಯ ತಟ್ಟೆಗಳನ್ನು ಪೇಪರಿನಲ್ಲಿ ಸುತ್ತಿಕೊಡುತ್ತಿದ್ದೆ. ಅವರು ಕಾರ್ಟನ್ನಿಗೆ ಟೇಪು ಅಂಟಿಸುತ್ತಿದ್ದವರು ತಟ್ಟನೆ ನಿಲ್ಲಿಸಿ, "ಹೋಗುವ ಮೊದಲು ಒಂದು ಕಡೆ ಹೋಗ್ಲಿಕ್ಕುಂಟು. ನೀವು ಬರ್ತೀರಾ?" ಎಂದರು. ಆಮೇಲೆ ನೆಲಕ್ಕೆ ಕೂತು ಎಲ್ಲ ಹೇಳಿದರು.

ಮೇಲಿನ ಹಳ್ಳಿಯಲ್ಲಿ ಒಬ್ಬಳು ಹೆಂಗಸಿಗೆ ಹೆರಿಗೆಯ ನೋವು ಶುರುವಾಗಿ ಎರಡು ದಿನವಾಗಿತ್ತು. ಸಿಸ್ಟರ್ ಬಾಯಿ ಆ ದಿನ ಅಲ್ಲಿದ್ದದ್ದು ಆಕಸ್ಮಿಕ. ಮುಟ್ಟಿ ನೋಡಿದಾಗ ಮಗು ಅಡ್ಡ ತಿರುಗಿತ್ತು. ಕೆಳಗೆ ಇಳಿಸಲೇಬೇಕು ಎಂದರು. ಊರಿನ ಮುದುಕಿ ಸೂಲಗಿತ್ತಿ ಒಪ್ಪಲಿಲ್ಲ. ಆ ದಾರಿಯಲ್ಲಿ ಕುಲುಕಿದರೆ ಇಬ್ಬರೂ ಸಾಯುತ್ತಾರೆ ಎಂದಳು. ಇವರು ಹಟ ಹಿಡಿದರು. ಮಂಚ ಒಯ್ಯುವಷ್ಟು ಅಗಲದ ದಾರಿಯಲ್ಲ. ಗಂಡಸರು ಆ ಮನೆಯ ಬಾಗಿಲನ್ನೇ ಕಿತ್ತು, ಅದರ ಮೇಲೆ ಹಾಸಿಗೆ ಹಾಸಿ, ಹೆಂಗಸನ್ನು ಮಲಗಿಸಿ ಹೊತ್ತು ಹೊರಟರು. ಮುದುಕಿಯೂ ಬೈಯುತ್ತ ಹಿಂದೆಯೇ ಇಳಿದಳು. ಅರ್ಧ ದಾರಿಯಲ್ಲಿ ತಡೆಯಲಾಗದ ನೋವು ಬಂತು.

"ಇಳಿಸಿ ಅಂತ ಬೊಬ್ಬೆ ಹಾಕಿದೆ. ಹೊರೆ ಇಳಿಸುವ ಒಂದು ಕಲ್ಲಿನ ಕಟ್ಟೆ ಇತ್ತು, ಅಲ್ಲಿಯೇ. ಗಂಡಸರು ಬೆನ್ನು ಹಾಕಿ ಕಂಬಳಿ ಹಿಡಿದು ಗೋಡೆ ಹಾಗೆ ನಿಂತ್ರು. ಮಗು ಕಾಲು ಮುಂದೆ ಬಂತು. ನೀಲಿ ಆಗಿತ್ತು, ಆದ್ರೆ ಕೂಗಿತು. ಆಮೇಲೆ ಅವಳಿಗೆ ರಕ್ತ... ನಿಲ್ಲುವುದೇ ಇಲ್ಲ. ಹೊಟ್ಟೆ ಮೇಲೆ ಎರಡೂ ಕೈ ಒತ್ತಿ ಹಿಡಿದು ಕೂತದ್ದು, ಎಷ್ಟು ಹೊತ್ತು ಅಂತ ನನಗೇ ಗೊತ್ತಿಲ್ಲ. ಕೆಳಗೆ ಮುಟ್ಟಿದಾಗ ಉಸಿರು ಇತ್ತು. ದೊಡ್ಡ ಆಸ್ಪತ್ರೆಗೆ ಹೋಗುವ ಜೀಪಿನಲ್ಲಿ ಜಾಗ ಇರ್ಲಿಲ್ಲ. ಅವಳು, ಮಗು, ಗಂಡ, ಆ ಮುದುಕಿ ಹೋದ್ರು. ನಾನು ಉಳಿದೆ."

ವಾರದೊಳಗೆ ಇವರಿಗೆ ಮಸ್ಕತ್‌ಗೆ ವರ್ಗದ ಆರ್ಡರ್ ಬಂತು. ಅಲ್ಲಿಂದ ಇಲ್ಲಿಗೆ ಸುದ್ದಿ ಬರುವ ಕಾಲವಲ್ಲ. ಕೆಲವು ತಿಂಗಳ ಮೇಲೆ ಮಸ್ಕತ್‌ನ ಮತ್ರಾ ಮಾರುಕಟ್ಟೆಯಲ್ಲಿ ದಾಳಿಂಬೆ ಮಾರುತ್ತಿದ್ದ ಆ ಕಣಿವೆಯವನೊಬ್ಬ ಸಿಕ್ಕಿದನಂತೆ. ಇವರು ಅರೆಬರೆ ಅರಬ್ಬಿಯಲ್ಲಿ ವಿಚಾರಿಸಿದರು. ಅವನು ತಲೆ ತಗ್ಗಿಸಿ, 'ಆ ತಾಯಿ ಹೋದಳು, ಅಲ್ಲಾಹ್ ಕರುಣೆ ತೋರಲಿ' ಎಂದ. ಮುಂದೆ ಕೇಳುವ ಧೈರ್ಯ ಬರಲಿಲ್ಲ.

"ಹೊರಡಿಸಿದ್ದು ನಾನು. ಮುದುಕಿ ಬೇಡ ಬೇಡ ಹೇಳಿದ್ಳು," ಎಂದರು ಸಿಸ್ಟರ್ ಬಾಯಿ. "ಹನ್ನೆರಡು ವರ್ಷ ಆಯ್ತು. ಇಲ್ಲಿ ಎಷ್ಟೋ ಮಕ್ಕಳನ್ನು ಹಿಡಿದೆ. ಆದ್ರೂ... ಅವಳ ಮನೆಯವರ ಹತ್ರ ಹೋಗಿ ತಪ್ಪಾಯ್ತು ಹೇಳದೆ ಊರಿಗೆ ಹೋಗ್ಲಿಕ್ಕೆ ಮನಸ್ಸು ಬರುದಿಲ್ಲ."

ನಾನು ಏನು ಹೇಳಿದೆನೋ ನೆನಪಿಲ್ಲ. ಬರುತ್ತೇನೆ ಎಂದಿದ್ದು ಮಾತ್ರ ನಿಜ.

ಮುಂದಿನ ಶುಕ್ರವಾರ ಹೊರಟೆವು. ನನ್ನ ಗಂಡ ಗಾಡಿ ಓಡಿಸಿದರು, ಹಿಂದಿನ ಸೀಟಿನಲ್ಲಿ ನನ್ನ ತೊಡೆಯ ಮೇಲೆ ಐದು ವರ್ಷದ ಮಗಳು ಮಲಗಿದ್ದಳು. ಕಣಿವೆಯ ಬಾಯಿಗೆ ಈಗ ಡಾಂಬರು ರಸ್ತೆ ಬಂದಿತ್ತು. ಕ್ಲಿನಿಕ್ ಇದ್ದ ಜಾಗದಲ್ಲಿ ಸಿಮೆಂಟಿನ ಮನೆಗಳ ಸಾಲು, ಶಾಲೆ, ಕರೆಂಟಿನ ಕಂಬ. ಸಿಸ್ಟರ್ ಬಾಯಿ ಒಂದನ್ನೂ ಗುರುತಿಸಲಿಲ್ಲ. ನೀರಿನ ಟ್ಯಾಂಕಿನ ಹತ್ತಿರ ಹಳದಿ ಗೇಟಿನ ಮನೆಯೊಂದರ ಎದುರು ಮರದ ನೆರಳು ಕಂಡು ನನ್ನ ಗಂಡ ಗಾಡಿ ನಿಲ್ಲಿಸಿದರು. ಮೇಲಕ್ಕೆ ಹೋಗಬೇಕು ಎಂದು ವಿಚಾರಿಸಿದಾಗ ಒಬ್ಬ ಮುದುಕ ಕತ್ತೆ ಹಿಡಿದುಕೊಂಡು ಬಂದ. ವಾರಕ್ಕೆರಡು ಸಲ ಅವನು ಮೇಲಿನ ಹಳ್ಳಿಗೆ ಹಿಟ್ಟು, ಅಕ್ಕಿ ಮುಟ್ಟಿಸುತ್ತಿದ್ದನಂತೆ. ಅಲ್ಲಿ ಈಗ ಉಳಿದಿರುವುದು ಮೂರು ಮನೆ. ಉಳಿದವರೆಲ್ಲ ಶಾಲೆ, ಕರೆಂಟು ಎಂದು ಕೆಳಗಿಳಿದಿದ್ದಾರೆ. ತಾನು ವಯಸ್ಸಿನಲ್ಲಿ ಬಹರೈನ್‌ನಲ್ಲಿ ಕೂಲಿ ಮಾಡಿಕೊಂಡಿದ್ದವ, ಊರಿಗೆ ಮರಳಿ ಎಂಟು ವರ್ಷವಾಯಿತಷ್ಟೆ ಎಂದ. ಸಿಸ್ಟರ್ ಬಾಯಿ ತಾವು ಯಾರೆಂದು ಹೇಳಲಿಲ್ಲ. ನನ್ನ ಗಂಡ ಮಂಡಿನೋವಿನ ನೆಪ ಹೇಳಿ ಮಗಳೊಡನೆ ಕೆಳಗೇ ಉಳಿದರು.

ಆ ದಾರಿಯ ಚೆಲುವನ್ನು ಹೇಗೆ ಹೇಳಲಿ... ಮೊದಲ ಒಂದು ಗಂಟೆ ವಾದಿಯ, ಅಂದರೆ ಒಣಗಿದ ಹೊಳೆಯ, ಉರುಟು ಕಲ್ಲುಗಳ ಮೇಲೆ. ಆಮೇಲೆ ಎಡಗಡೆಯ ಗೋಡೆಗೆ ಅಂಟಿಕೊಂಡು ಮೆಟ್ಟಿಲು. ಗಾರೆಯಿಲ್ಲ, ಸಿಮೆಂಟಿಲ್ಲ, ಕಲ್ಲಿಗೆ ಕಲ್ಲು ಹೆಣೆದು ಕಟ್ಟಿದ್ದು. ಯಾರ ಕಾಲದ್ದು ಎಂದರೆ ಮುದುಕ ಕೈ ಬೀಸಿದ: ಅಜ್ಜನ ಅಜ್ಜನಿಗೂ ಗೊತ್ತಿರಲಿಲ್ಲವಂತೆ. ಪ್ರತಿ ತಿರುವಿನಲ್ಲೂ ಸೊಂಟದೆತ್ತರದ ಒಂದು ಕಲ್ಲಿನ ಕಟ್ಟೆ. ನಮ್ಮ ಊರಿನ ಹಳೆಯ ದಾರಿಗಳಲ್ಲಿ ತಲೆಹೊರೆ ಇಳಿಸಲು ಇದ್ದವಲ್ಲ, ಹಾಗೆಯೇ. ಮತ್ತು ಪ್ರತಿ ಕಟ್ಟೆಗೂ ಒಂದು ಹೆಸರು. ಮುದುಕ ಕತ್ತೆಯನ್ನು ನಿಲ್ಲಿಸಿ ಹೆಸರು ಹೇಳುವುದು, ಸಿಸ್ಟರ್ ಬಾಯಿ ಅದನ್ನು ನನಗೆ ಕನ್ನಡದಲ್ಲಿ ಹೇಳುವುದು, ಹೀಗೆ ಸಾಗಿತು.

"ಇದು ಒಂಟೆಯ ಕುತ್ತಿಗೆ ಅಂತೆ. ನೋಡಿ, ಬಂಡೆ ಹಾಗೇ ಉಂಟು."

"ಇದು ತಣ್ಣನೆ ಗಾಳಿ."

"ಇದು ಇಬ್ಬರು ಭಾವಂದಿರು. ಇಬ್ಬರು ಜಗಳ ಮಾಡಿಕೊಂಡು ಇಲ್ಲಿ ಒಬ್ಬ ಆಚೆ ಮುಖ, ಒಬ್ಬ ಈಚೆ ಮುಖ ಮಾಡಿ ಕೂತಿದ್ರಂತೆ, ಇಡೀ ದಿನ. ಕಡೆಗೆ ಹಸಿವೆ ಆಗಿ ರಾಜಿ ಆದ್ರಂತೆ!"

ನಾವು ಮೂವರೂ ನಕ್ಕೆವು. ಆಚೆ ಕಡೆ ನೋಡಿದರೆ ಕಣಿವೆಯ ತಳದಲ್ಲಿ ಖರ್ಜೂರದ ತೋಟ ಅಂಗೈಯಗಲದ ಹಸಿರಾಗಿತ್ತು. ಎಲ್ಲೋ ಒಂದು ಆಡು ಕೂಗಿತು, ಅದರ ದನಿ ಎರಡು ಸಲ ಮರಳಿ ಬಂತು. ಮೇಲೇರಿದಂತೆ ಸಿಸ್ಟರ್ ಬಾಯಿಯ ಮಾತು ಕಡಿಮೆಯಾಗುತ್ತ ಬಂದದ್ದನ್ನು ನಾನು ಗಮನಿಸಿದ್ದೆ. ಏದುಸಿರು ಎಂದುಕೊಂಡೆ.

ಒಂದು ತಿರುವಿನಲ್ಲಿ ದಾರಿ ಅಗಲವಾಗಿ, ಮರವೊಂದರ ನೆರಳಿನಲ್ಲಿ ಉಳಿದವುಗಳಿಗಿಂತ ಉದ್ದದ ಕಟ್ಟೆ ಕಾಣಿಸಿತು. ಮುದುಕ ಕತ್ತೆಯ ಬೆನ್ನು ತಟ್ಟಿ ನಿಲ್ಲಿಸಿ ಹೆಸರು ಹೇಳಿದ. ನಾನು ಸಿಸ್ಟರ್ ಬಾಯಿಯ ಮುಖ ನೋಡಿದೆ. ಅವರು ಹೇಳಲಿಲ್ಲ.

"ಎಂತ ಹೇಳಿದ್ದು?" ಕೇಳಿದೆ.

ಅವರು ಕಟ್ಟೆಯನ್ನೇ ನೋಡುತ್ತಿದ್ದರು. ಮುದುಕ ನನಗೆ ಕೇಳಿಸಲಿಲ್ಲವೆಂದುಕೊಂಡು ಇನ್ನೊಮ್ಮೆ, ಗಟ್ಟಿಯಾಗಿ, ಬಿಡಿಸಿ ಹೇಳಿದ. ನನ್ನ ಅಡುಗೆಮನೆಯ ಅರಬ್ಬಿಗೆ ಒಂದೇ ಪದ ಸಿಕ್ಕಿತು: ಹಿಂದಿಯಾ. ಹಿಂದೂಸ್ತಾನದ ಹೆಂಗಸು.

"ಹಿಂದಿಯಾ ಅಂದ್ರೆ ನಮ್ಮ ಕಡೆಯವಳಾ?" ಎಂದೆ.

ಮುದುಕ ಹುರುಪಿನಿಂದ ಕತೆ ಶುರುಮಾಡಿದ. ಬಹರೈನ್‌ನಲ್ಲಿ ಕಲಿತ ಹಿಂದಿಯನ್ನೂ ಸೇರಿಸಿ, ಕೈಬಾಯಿ ಮಾಡಿ ಅವನು ಹೇಳಿದ್ದು ನನಗೂ ಅರ್ಥವಾಗುತ್ತ ಹೋಯಿತು. ಬಹಳ ಹಿಂದೆ, ತಾನು ಊರಲ್ಲಿಲ್ಲದಾಗ, ಕ್ಲಿನಿಕ್ಕಿನಲ್ಲಿ ಒಬ್ಬಳು ಹಿಂದಿಯಾ ಇದ್ದಳಂತೆ. ಒಬ್ಬ ಬಸುರಿಯನ್ನು ಬಾಗಿಲ ಮೇಲೆ ಹೊತ್ತು ತರುವಾಗ ಇಲ್ಲಿ ಇಳಿಸಿದರು. ಹೆರಿಗೆಯಾಯಿತು. ಹಿಂದಿಯಾ ಆ ಹೆಂಗಸಿನ ಜೀವವನ್ನು ಎರಡೂ ಕೈಯಲ್ಲಿ ಒತ್ತಿ ಹಿಡಿದು ಕೂತಳು. ಗಂಡಸರು ಹೊತ್ತಾಯಿತು ಹೊರಡೋಣ ಎಂದರೆ ಅವರ ಮೇಲೆ ಅವಳದೇ ಭಾಷೆಯಲ್ಲಿ ಕಿರುಚಿದಳು. ಆರು ಜನ ಗಂಡಸರು, ಒಬ್ಬನೂ ಉಸಿರೆತ್ತಲಿಲ್ಲ! ಆವತ್ತಿನಿಂದ ಈ ಕಟ್ಟೆಗೆ ಹಿಂದಿಯಾಳ ಕಟ್ಟೆ ಎಂದೇ ಹೆಸರು. ಹಳೆಯ ಹೆಸರು ಬೇರೆ ಇತ್ತು. ಈಗ ಯಾರಿಗೂ ನೆನಪಿಲ್ಲ.

ಸಿಸ್ಟರ್ ಬಾಯಿ ಕಟ್ಟೆಯ ಅಂಚಿನಲ್ಲಿ ಕೂತರು. ಅವರ ಎರಡೂ ಅಂಗೈಗಳು ಕಲ್ಲಿನ ಮೇಲಿದ್ದವು. ಅರಬ್ಬಿಯಲ್ಲಿ, ಸಣ್ಣ ದನಿಯಲ್ಲಿ ಕೇಳಿದರು.

"ಆ ಹೆಂಗಸು ಆಮೇಲೆ ಸತ್ತಳು, ಅಲ್ಲವೇ?"

"ಯಾರು ಹೇಳಿದ್ದು?" ಮುದುಕನಿಗೆ ಸಿಟ್ಟೇ ಬಂತು. "ಇದ್ದಾಳೆ, ಕೆಳಗೇ ಇದ್ದಾಳೆ! ನಿಮ್ಮ ಗಾಡಿ ನಿಲ್ಲಿಸಿದ್ದೀರಲ್ಲ, ಹಳದಿ ಗೇಟು. ಅದು ಅವಳ ಮನೆ."

"ತಾಯಿ ಹೋದಳು ಅಂತ..."

ಅವನಿಗೆ ತಟ್ಟನೆ ತಿಳಿಯಿತು. "ಅದು ಸೂಲಗಿತ್ತಿ ಮುದುಕಿ. ಊರಿನ ಎಲ್ಲ ಮಕ್ಕಳನ್ನೂ ಹಿಡಿದವಳಲ್ಲವೇ, ಎಲ್ಲರೂ ಅವಳನ್ನು ತಾಯಿ ಎಂದೇ ಕರೆಯುತ್ತಿದ್ದದ್ದು. ಆ ಚಳಿಗಾಲದಲ್ಲಿ ಅವಳು ತೀರಿಕೊಂಡಳು. ವಯಸ್ಸಾಗಿತ್ತು."

"ಸೈಬಾ..." ಎಂದರು ಸಿಸ್ಟರ್ ಬಾಯಿ. ದೇವರೇ ಎಂದು. ಕನ್ನಡಕ ತೆಗೆದು ಸೀರೆಯ ಸೆರಗಿನಿಂದ ಒರೆಸಿದರು, ಮತ್ತೆ ಹಾಕಿದರು, ಮತ್ತೆ ತೆಗೆದರು. ಆಮೇಲೆ ಮುಖ ಮುಚ್ಚಿಕೊಂಡು ಅತ್ತರು. ಆರೇಳು ವರ್ಷದ ಗೆಳೆತನದಲ್ಲಿ ಅವರು ಅತ್ತದ್ದನ್ನು ನಾನು ಕಂಡದ್ದು ಅದೊಂದೇ ಸಲ. ಮುದುಕ ಗಾಬರಿಯಾಗಿ ನನ್ನನ್ನು ನೋಡಿದ. ನಾನು ಅವರತ್ತ ಬೆರಳು ತೋರಿಸಿ, "ಹಿಂದಿಯಾ" ಎಂದೆ. ಅವನು ಅವರನ್ನು ನೋಡಿದ, ಕಟ್ಟೆಯನ್ನು ನೋಡಿದ. ಎದೆಯ ಮೇಲೆ ಅಂಗೈ ಇಟ್ಟು ತಲೆ ಬಾಗಿಸಿದ. ಕತ್ತೆಯ ಹಗ್ಗ ಹಿಡಿದು ನಾಲ್ಕು ಹೆಜ್ಜೆ ಆಚೆ ಹೋಗಿ, ನಮಗೆ ಬೆನ್ನು ಹಾಕಿ ನಿಂತುಕೊಂಡ.

ಕೂಡಲೇ ಇಳಿದುಬಿಡೋಣವೇ ಎಂದು ನಾನು ಕೇಳಿದೆ.

"ಬೇಡ. ಬಂದದ್ದು ಬಂದೆವಲ್ಲ, ಮೇಲೆ ಹೋಗಿಯೇ ಇಳಿಯುವ. ಹನ್ನೆರಡು ವರ್ಷದ್ದು ಬಾಕಿ ಉಂಟು. ಯಲ್ಲಾ!"

ಆಮೇಲಿನ ಎರಡು ಗಂಟೆ ಅವರು ನನಗಿಂತ ಮುಂದೆ ನಡೆದರು. ನಡೆದರೇನು, ಓಡಿದರು ಎನ್ನಬೇಕು. ಮೇಲಿನ ಹಳ್ಳಿ ಮುಟ್ಟಿದರೆ, ಬೆಟ್ಟದ ಮಡಿಲಿನಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಕಟ್ಟಿದ ಸಣ್ಣ ಸಣ್ಣ ಗದ್ದೆಗಳು, ದಾಳಿಂಬೆ ಗಿಡಗಳು, ಮಣ್ಣಿನ ಮನೆಗಳು, ಹಲವಕ್ಕೆ ಛಾವಣಿಯೇ ಇಲ್ಲ. ಫಲಜ್ ಮಾತ್ರ ತುಂಬಿ ಹರಿಯುತ್ತಿತ್ತು. ಅದರ ಪಕ್ಕದ ಬಯಲಿನಲ್ಲಿ ಒಂದು ಕೋಲು ನೆಟ್ಟಿದ್ದರು, ಸುತ್ತ ಕಲ್ಲಿನ ಗುರುತುಗಳು. ಕೋಲಿನ ನೆರಳು ಯಾವ ಕಲ್ಲು ಮುಟ್ಟಿದೆಯೋ ಅದರಂತೆ ಯಾರ ತೋಟಕ್ಕೆ ನೀರಿನ ಸರದಿ ಎಂದು ಲೆಕ್ಕ. ಉಳಿದ ಮೂರು ಮನೆಯವರು ಈಗಲೂ ಅದನ್ನು ತಪ್ಪದೆ ನೋಡುತ್ತಿದ್ದರು. ಇಬ್ಬರು ಅಜ್ಜಂದಿರು ನಮಗೆ ಕಾಫಿ ಕೊಟ್ಟರು. ಸಿಸ್ಟರ್ ಬಾಯಿ ಕಾಲುವೆಯಲ್ಲಿ ಕಾಲು ಇಳಿಬಿಟ್ಟು ಕೂತು, "ಎಷ್ಟು ತಂಪು ನೋಡಿ, ಕಾಲು ಹಾಕಿ, ಹಾಕಿ" ಎಂದು ನನ್ನನ್ನೂ ಎಳೆದರು. ಐವತ್ತು ದಾಟಿದ ಹೆಂಗಸು, ನೀರನ್ನು ಕಾಲಿನಿಂದ ಚಿಮ್ಮಿಸುತ್ತಿದ್ದರು. ಬದುಕಿನಲ್ಲಿ ಅಷ್ಟು ನಿರಾಳವಾಗಿ ನಾನು ಕೂತ ಮಧ್ಯಾಹ್ನಗಳು ಹೆಚ್ಚಿಲ್ಲ.

ಕೆಳಗೆ ಬಂದಾಗ ಬಿಸಿಲು ಇಳಿದಿತ್ತು. ಗಾಡಿ ಇದ್ದಲ್ಲೇ ಇತ್ತು, ಗಂಡ ಮಗಳು ಇಬ್ಬರೂ ಇಲ್ಲ. ಹಳದಿ ಗೇಟಿನೊಳಗಿನಿಂದ ಮಗಳ ನಗು ಕೇಳಿಸಿತು. ಇಣುಕಿದರೆ ನನ್ನ ಗಂಡ ಚಾಪೆಯ ಮೇಲೆ ಮನೆಯ ಯಜಮಾನನ ಜೊತೆ ಚಕ್ಕಳಮಕ್ಕಳ ಹಾಕಿ ಕೂತು, ಎಷ್ಟನೆಯದೋ ಕಪ್ಪು ಕಾಫಿ ಕುಡಿಯುತ್ತಿದ್ದರು. ಬೆಳಗ್ಗಿನಿಂದ ಅಲ್ಲೇ ಊಟ, ಅಲ್ಲೇ ನಿದ್ದೆ! ಅಂಗಳದಲ್ಲಿ ಹನ್ನೆರಡರ ಹುಡುಗಿಯೊಬ್ಬಳು ನನ್ನ ಮಗಳನ್ನು ಆಡಿನ ಮರಿಯ ಹತ್ತಿರ ಕೂರಿಸಿಕೊಂಡಿದ್ದಳು. "ಅಮ್ಮಾ, ಲುಕ್, ಬೇಬಿ ಗೋಟ್!" ಎಂದಳು ಮಗಳು.

ಸಿಸ್ಟರ್ ಬಾಯಿ ಒಳಗೆ ಬಂದವರು ಮೊದಲು ನೋಡಿದ್ದು ಮನುಷ್ಯರನ್ನಲ್ಲ. ಸಿಮೆಂಟಿನ ಹೊಸ ಮನೆಯ ನಡುಕೋಣೆಗೆ ಹಳೆಯದೊಂದು ಮರದ ಬಾಗಿಲನ್ನು ಜೋಡಿಸಿದ್ದರು, ಕಬ್ಬಿಣದ ದಪ್ಪ ಮೊಳೆಗಳದ್ದು. ಅವರು ಅದನ್ನು ಮುಟ್ಟಿದರು. ಅಷ್ಟರಲ್ಲಿ ಆ ಬಾಗಿಲಿನಿಂದಲೇ ಮನೆಯೊಡತಿ ಹೊರಗೆ ಬಂದಳು. ದುಂಡು ಮುಖ, ಹಣೆಯವರೆಗೆ ಎಳೆದ ಬಣ್ಣದ ಬಟ್ಟೆ. ನಮ್ಮ ಮುದುಕ ಗೇಟಿನ ಬಳಿಯಿಂದಲೇ ಏನೋ ಕೂಗಿ ಹೇಳಿದ. ಆಕೆ ಹತ್ತಿರ ಬಂದು ಸಿಸ್ಟರ್ ಬಾಯಿಯ ಮುಖವನ್ನು ಎರಡೂ ಕೈಯಲ್ಲಿ ಹಿಡಿದು ಬೆಳಕಿಗೆ ತಿರುಗಿಸಿ ನೋಡಿದಳು. ಆಮೇಲೆ ತನ್ನದೇ ಕೆನ್ನೆಯನ್ನು ಫಟ್ಟೆಂದು ಬಡಿದು ತೋರಿಸಿ ಏನೋ ಹೇಳಿದಳು. ಸಿಸ್ಟರ್ ಬಾಯಿ ಅಳುತ್ತ ನಗತೊಡಗಿದರು.

"ಎಂತ? ಎಂತ ಹೇಳಿದ್ದು?" ನನಗೆ ತಡೆಯಲಾಗಲಿಲ್ಲ.

"ನೀನು ನನಗೆ ಹೊಡೆದಿದ್ದಿ ಹೇಳ್ತಾಳೆ. ಎಚ್ಚರ ತಪ್ಪುದು ಬೇಡ ಅಂತ ಕೆನ್ನೆಗೆ ಬಾರಿಸಿದ್ದೆ ಮಾರಾಯ್ತಿ, ಎರಡೋ ಮೂರೋ. ಅದೊಂದು ನೆನಪುಂಟು ಇವಳಿಗೆ!"

ಕ್ಷಮೆ ಕೇಳಲು ಹೋದವರು ಆ ಮಾತನ್ನು ಎತ್ತಲೇ ಇಲ್ಲ. ಎತ್ತುವ ಜಾಗವೇ ಇರಲಿಲ್ಲ. ಅಂಗಳದ ಹುಡುಗಿಯನ್ನು ಕರೆದು ತಾಯಿ ಮುಂದೆ ನಿಲ್ಲಿಸಿದಳು. ಹುಡುಗಿ ನಾಚಿಕೊಂಡು, ಶಾಲೆಯಲ್ಲಿ ಕಲಿತ ಇಂಗ್ಲಿಷಿನಲ್ಲಿ, "ಹೌ ಆರ್ ಯೂ?" ಎಂದಳು. "ಫೈನ್, ಥ್ಯಾಂಕ್ ಯೂ" ಎಂದ ಸಿಸ್ಟರ್ ಬಾಯಿ ಅವಳ ಗಲ್ಲ ಹಿಡಿದೆತ್ತಿ, ಮುದ್ದು ಮಾಡುತ್ತಾರೆ ಎಂದುಕೊಂಡರೆ, ಕಣ್ಣಿನ ಕೆಳರೆಪ್ಪೆಯನ್ನು ಎಳೆದು ನೋಡಿದರು. "ರಕ್ತ ಸ್ವಲ್ಪ ಕಡಿಮೆ ಉಂಟು" ಎಂದು ನನಗೆ ಕನ್ನಡದಲ್ಲಿ ಹೇಳಿ, ತಾಯಿಯ ಕಡೆ ತಿರುಗಿ ಅರಬ್ಬಿಯಲ್ಲಿ ಹತ್ತು ನಿಮಿಷ ಸೊಪ್ಪು, ಮೊಟ್ಟೆ, ಬೇಳೆ ಎಂದು ಪಾಠ ಮಾಡಿದರು. ಆಕೆ ಎಲ್ಲದಕ್ಕೂ ತಲೆಯಾಡಿಸಿದಳು. ಬಹುಶಃ ಕೆನ್ನೆಯ ನೆನಪಿನಿಂದ.

ವಾಪಸ್ಸು ಬರುವಾಗ ಡಿಕ್ಕಿಯ ತುಂಬ ದಾಳಿಂಬೆ, ಖರ್ಜೂರ, ಒಂದು ಬಾಟಲಿ ಜೇನು. ಹೆದ್ದಾರಿಗೆ ಬರುವ ಮೊದಲೇ ಸಿಸ್ಟರ್ ಬಾಯಿ ಕಿಟಕಿಗೆ ತಲೆ ಆನಿಸಿ ನಿದ್ದೆ ಹೋಗಿದ್ದರು. ಮಗಳು ಅವರ ತೋಳಿಗೆ ಒರಗಿ ಮಲಗಿದ್ದಳು.

ಎರಡು ವಾರದ ಮೇಲೆ ಅವರು ಊರಿಗೆ ಹೊರಟುಹೋದರು. ಏರ್‌ಪೋರ್ಟಿನಲ್ಲಿ ಹೆಚ್ಚು ಮಾತಾಗಲಿಲ್ಲ. ಲಗೇಜಿನ ತೂಕದ ಗಡಿಬಿಡಿ. ನಾವು ಇನ್ನೂ ಹಲವು ವರ್ಷ ಅಲ್ಲಿದ್ದೆವು. ರಜೆಗೆ ಬಂದಾಗ ಒಮ್ಮೊಮ್ಮೆ ಅವರ ಮನೆಗೆ ಹೋಗುತ್ತಿದ್ದೆ. ತಮ್ಮನ ಸಂಸಾರದ ಜೊತೆ ಇದ್ದರು, ಚೆನ್ನಾಗಿಯೇ ಇದ್ದರು. ಊರಿನ ಬಸುರಿಯರೆಲ್ಲ ಅವರಿಂದ ಬೈಸಿಕೊಳ್ಳುತ್ತಿದ್ದರು. ನಾವು ಊರಿಗೆ ಮರಳಿ ನೆಲೆಸಿದ ಮೇಲೆ ಭೇಟಿ ಹೆಚ್ಚಾಗಬೇಕಿತ್ತು. ಅದೇಕೋ ಕಡಿಮೆಯಾಯಿತು... ಹತ್ತಿರವೇ ಇದ್ದಾರಲ್ಲ, ಹೋದರಾಯಿತು ಎಂಬ ಉದಾಸೀನ. ಎರಡು ವರ್ಷದ ಹಿಂದೆ ಅವರು ತೀರಿಕೊಂಡಾಗ ನಾನು ಬೆಂಗಳೂರಿನಲ್ಲಿ ನನ್ನ ಕಣ್ಣಿನ ಆಪರೇಷನ್ ಮಾಡಿಸಿಕೊಂಡು ಮಲಗಿದ್ದೆ. ಮಣ್ಣಿಗೆ ಹೋಗಲಾಗಲಿಲ್ಲ. ತಿಂಗಳ ಪೂಜೆಗೆ ಹೋದೆ.

ಪೂಜೆಯ ನಂತರ ಇಗರ್ಜಿಯ ಪಕ್ಕದ ಸಭಾಂಗಣದಲ್ಲಿ ಚಾ ತಿಂಡಿ. ಅವರ ಬಗ್ಗೆ ಯಾರಾದರೂ ಎರಡು ಮಾತು ಹೇಳಬಹುದು ಎಂದರು. ಇಬ್ಬರು ಕೊಂಕಣಿಯಲ್ಲಿ ಒಳ್ಳೆಯ ಮಾತು ಹೇಳಿ ಕೂತರು. ವಿದೇಶದಲ್ಲಿ ಸೇವೆ ಸಲ್ಲಿಸಿದ್ದರು ಎಂಬ ಒಂದು ವಾಕ್ಯ ಅದರಲ್ಲಿತ್ತು. ಸಭೆಯಲ್ಲಿ ಎಂದೂ ಮಾತನಾಡದ ನಾನು ಎದ್ದು ನಿಂತು, ಕನ್ನಡದಲ್ಲಿ ಇದನ್ನೆಲ್ಲ ಹೇಳಿದೆ. ಬಾಗಿಲನ್ನು ಕಿತ್ತದ್ದು, ಕಟ್ಟೆಯ ಹೆಸರು, ಹುಡುಗಿ. ಕೊನೆಗೆ ಅವರ ತಮ್ಮನ ಮಗಳು, ನಲವತ್ತರ ಹೆಂಗಸು, ನನ್ನ ಹತ್ತಿರ ಬಂದು ಕೈ ಹಿಡಿದಳು.

"ಆಂಟಿ, ಇದು ಒಂದೂ ನಮಗೆ ಗೊತ್ತಿಲ್ಲ. ಒಮಾನ್ ಹೇಗಿತ್ತು ಕೇಳಿದ್ರೆ, ಭಾರೀ ಸೆಕೆ ಮಾರಾಯ್ತಿ ಹೇಳ್ತಿದ್ರು. ಅಷ್ಟೇ."

ಅವಳು ತುಂಬ ಕೇಳಿದಳು. ಎಷ್ಟು ಮೆಟ್ಟಿಲು, ಯಾವ ಬಣ್ಣದ ಕಲ್ಲು, ಅಲ್ಲಿ ನಿಂತರೆ ಏನು ಕಾಣುತ್ತದೆ. ತಿಳಿದಷ್ಟು ಹೇಳಿದೆ. ಆ ಕಟ್ಟೆಗೆ ನೆರಳು ಕೊಡುತ್ತಿದ್ದದ್ದು ಯಾವ ಮರ ಎಂದು ಕೇಳಿದಾಗ ಮಾತ್ರ ತಡವರಿಸಿದೆ. ಜಾಲಿಯೋ, ಕಾಡು ಆಲಿವ್ ಮರವೋ... ಎಲೆ ಸಣ್ಣದಿತ್ತು ಎಂಬುದಷ್ಟೇ ನೆನಪು. ಆ ಕತ್ತೆಯ ಮುದುಕ ಎಂದೋ ಹೋಗಿರುತ್ತಾನೆ. ನಿನ್ನೆ ಇದನ್ನು ಬರೆಯಲು ಕೂತಾಗಲೂ ಎಷ್ಟು ಹೊತ್ತು ಯೋಚಿಸಿದರೂ ಹೊಳೆಯಲಿಲ್ಲ. ಸಿಸ್ಟರ್ ಬಾಯಿಗೇ ಫೋನ್ ಮಾಡಿ ಕೇಳೋಣ ಎಂದುಕೊಂಡು ಕೈ ಚಾಚಿದ ಮೇಲೆ ನೆನಪಾಯಿತು, ಕೇಳಬೇಕಾದವರು ಇಲ್ಲ.